ಹತಾರದ ಲೆಕ್ಕ: ಉಳಿದ ಹೊತ್ತು ಯಾರ ಜೇಬಿಗೆ?

ಆಯುಧಪೂಜೆ ಹತ್ತಿರ ಬಂತೆಂದರೆ ನಮ್ಮ ಫೋನಿಗೆ ಒಂದೇ ಪ್ರಶ್ನೆ ನಾಲ್ಕಾರು ವೇಷದಲ್ಲಿ ಬರುತ್ತೆ. “ಸರ್, ಹೊಸ ಟೂಲ್ ಸೆಟ್ ತಗೋಬೇಕು ಅಂತಿದೀನಿ, ಟ್ಯಾಕ್ಸಲ್ಲಿ ಎಷ್ಟು ವಾಪಸ್ ಬರುತ್ತೆ?” ಅಂತ ಒಬ್ಬರು. “ಲಗ್ ಒತ್ತೋ ಇಕ್ಕಳಕ್ಕೆ ಎರಡೂವರೆ ಸಾವಿರ ಕ್ರೋನ ಹೇಳ್ತಾನೆ ಅಣ್ಣ, ಕಟಿಂಗ್ ಪ್ಲೇಯರಲ್ಲೇ ಒತ್ತಿದ್ರೆ ಆಗಲ್ವಾ?” ಅಂತ ಇನ್ನೊಬ್ಬರು. ಮೂರನೆಯವರು ಪ್ರಶ್ನೆ ಕೇಳುವುದೇ ಇಲ್ಲ, ಕೊಂಡಾದ ಮೇಲೆ ರಸೀದಿಯ ಫೋಟೋ ಕಳಿಸುತ್ತಾರೆ.

ನಾವು ಬಿ.ಕಾಂ. ಓದಿದವರು. ನಮ್ಮದು ಬಿಲ್ಲು ಜೋಡಿಸುವ ಕೈ, ಸ್ಪ್ಯಾನರ್ ಹಿಡಿಯುವ ಕೈಯಲ್ಲ. ಯಾವ ಕಂಪನಿಯ ಉಳಿ ಹೆಚ್ಚು ದಿನ ಹರಿತವಾಗಿರುತ್ತೆ ಅನ್ನುವುದನ್ನು ನಿಮ್ಮ ಜೊತೆ ಕೆಲಸ ಮಾಡುವ ಹಳಬರನ್ನು ಕೇಳಬೇಕೇ ಹೊರತು ನಮ್ಮನ್ನಲ್ಲ. ಆದರೆ ಒಂದೇ ಕೆಲಸಕ್ಕೆಂದು ಮಾಡಿದ ವಿಶೇಷ ಹತಾರಕ್ಕೆ ದುಡ್ಡು ಹಾಕಬಹುದೇ, ಹಾಕಿದರೆ ಅದು ಯಾರಿಗೆ ಹಿಂದಿರುಗಿ ಬರುತ್ತೆ ಅನ್ನುವುದು ಲೆಕ್ಕದ ಪ್ರಶ್ನೆ. ಅದಕ್ಕೆ ಈ ತಿಂಗಳ ಪುಟ.

ನಾವಿರುವ ಈ ಮೆಲಾರೆನ್ ಸರೋವರದ ಸುತ್ತಿನ ಸೀಮೆಯಲ್ಲೇ ಈ ಪ್ರಶ್ನೆಗೆ ಎರಡು ಹಳೆಯ ಉತ್ತರಗಳಿವೆ. ಎರಡನ್ನೂ ಕೊಟ್ಟವರು ಯೊಹಾನ್ಸನ್ ಅನ್ನುವ ಹೆಸರಿನವರು. ಇಬ್ಬರೂ ಬೇರೆ ಬೇರೆ.

ಒಬ್ಬರು ಎನ್‌ಷೋಪಿಂಗ್ ಊರಿನ ಯೊಹಾನ್ ಪೆತ್ತೆರ್ ಯೊಹಾನ್ಸನ್. ರಿಪೇರಿ ಕೆಲಸದವರು. ಆ ಕಾಲದಲ್ಲಿ ನಟ್ಟಿನ ಅಳತೆಗೆ ಒಂದು ನಿಯಮ ಅಂತ ಇರಲಿಲ್ಲ. ಒಂದು ಯಂತ್ರಕ್ಕೆ ಹೋಗಬೇಕಾದರೆ ಹೊರೆ ಸ್ಪ್ಯಾನರ್ ಹೊರಬೇಕು. 1888ರಲ್ಲಿ ಪೈಪು ಹಿಡಿಯುವ ರೆಂಚಿಗೆ, 1892ರಲ್ಲಿ ದವಡೆ ಹಿಗ್ಗಿಸಿ ಕುಗ್ಗಿಸುವ ಸ್ಪ್ಯಾನರಿಗೆ ಅವರು ಪೇಟೆಂಟ್ ಪಡೆದರು. ನಮ್ಮ ಗ್ಯಾರೇಜುಗಳಲ್ಲಿ ಸ್ಕ್ರೂ ಸ್ಪ್ಯಾನರ್ ಅಂತೀವಲ್ಲ, ಇಲ್ಲಿ ಶಿಫ್ಟ್‌ನಿಕೆಲ್ ಅಂತಾರಲ್ಲ, ಅದೇ. ಬಾಕೋ ಹೆಸರಿನಲ್ಲಿ ಲೋಕವೆಲ್ಲ ಸುತ್ತಿದ್ದು ಅದು. ಡೆನ್ಮಾರ್ಕಿನವರಂತೂ ಅದಕ್ಕೆ ಸ್ವೀಡನ್ನಿನ ಕೀಲಿ ಅಂತಲೇ ಹೆಸರಿಟ್ಟಿದ್ದಾರೆ. ಹತ್ತು ಹತಾರದ ಕೆಲಸವನ್ನು ಒಂದೇ ಹತಾರ ಮಾಡಲಿ ಅನ್ನುವುದು ಅವರ ಉತ್ತರ.

ಇನ್ನೊಬ್ಬರು ಎಸ್ಕಿಲ್ಸ್‌ಟೂನಾದ ಕಾರ್ಲ್ ಎಡ್ವರ್ಡ್ ಯೊಹಾನ್ಸನ್. ಸೋಡರ್‌ಟೆಲ್ಯೆ ಸಿಡ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಅವರ ಊರು ಸಿಗುತ್ತೆ. ಬಂದೂಕಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅವರು 1896ರಿಂದ ಉಕ್ಕಿನ ಅಳತೆಗಟ್ಟಿಗಳ ಬೆನ್ನು ಹತ್ತಿದರು. ಅವರ ಪೆಟ್ಟಿಗೆಯಲ್ಲಿ 102 ಗಟ್ಟಿಗಳು. ಒಂದಕ್ಕೊಂದು ಜೋಡಿಸಿ ಮಿಲಿಮೀಟರಿನ ನೂರರ ಒಂದು ಭಾಗದ ಅಂತರದಲ್ಲಿ ಸಾವಿರಾರು ಅಳತೆ ಕೂಡಿಸಬಹುದು. ಅಳತೆ ನೋಡುವುದು ಬಿಟ್ಟು ಆ ಗಟ್ಟಿಗಳಿಂದ ಬೇರೆ ಯಾವ ಕೆಲಸವೂ ಆಗದು. ಆದರೂ ಅವರನ್ನು 1923ರಲ್ಲಿ ಹೆನ್ರಿ ಫೋರ್ಡ್ ಅಮೆರಿಕಕ್ಕೆ ಕರೆಸಿ ತಮ್ಮ ಕಂಪನಿಗೆ ಸೇರಿಸಿಕೊಂಡರು. ಏಕೆಂದರೆ ಒಂದು ಕಾರ್ಖಾನೆಯಲ್ಲಿ ಮಾಡಿದ ಭಾಗ ಇನ್ನೊಂದರಲ್ಲಿ ಮಾಡಿದ ಭಾಗಕ್ಕೆ ಕೂರಬೇಕಾದರೆ ಅಳತೆ ಒಂದೇ ಇರಬೇಕು.

ಇಬ್ಬರಲ್ಲಿ ಯಾರು ಸರಿ ಅಂತ ಕೇಳಿದರೆ ಇಬ್ಬರೂ ಸರಿ. ಒಬ್ಬರು ಊರೂರು ತಿರುಗುವ ರಿಪೇರಿಯವರು, ಭಾರ ಕಮ್ಮಿಯಾದರೆ ಲಾಭ ಅವರದೇ. ಇನ್ನೊಬ್ಬರು ಕಾರ್ಖಾನೆಯವರು, ನಿಖರತೆಯ ಲಾಭ ಕಾರ್ಖಾನೆಗೆ, ಪೆಟ್ಟಿಗೆಯ ಖರ್ಚೂ ಕಾರ್ಖಾನೆಗೆ. ಹತಾರದ ಲಾಭ ಯಾರಿಗೋ ಖರ್ಚೂ ಅವರದೇ ಆಗಿರಬೇಕು. ನಮ್ಮವರ ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಇಲ್ಲೇ.

ಹೋದ ವರ್ಷ ಹುಬ್ಬಳ್ಳಿ ಕಡೆಯ ಹುಡುಗನೊಬ್ಬ ಬಂದಿದ್ದ. ಎಲೆಕ್ಟ್ರಿಷಿಯನ್, ಒಂದು ಗುತ್ತಿಗೆ ಕಂಪನಿಯಲ್ಲಿ ಗಂಟೆ ಸಂಬಳದ ಕೆಲಸ. 14,000 ಕ್ರೋನಿನ ಹತಾರ ಕೊಂಡಿದ್ದ, ಅದೂ ಕಂತಿನ ಮೇಲೆ. ವೈರಿನ ಸಿಪ್ಪೆ ಸುಲಿಯುವುದಕ್ಕೇ ಎರಡು ಥರದ ಹತಾರ, ಲಗ್ ಒತ್ತುವುದಕ್ಕೆ ಮೂರು, ಒಂದೊಂದಕ್ಕೂ ಸ್ಪಂಜು ಹಾಸಿದ ಡಬ್ಬಿ. ಊರಿನ ಲೆಕ್ಕದಲ್ಲಿ ಲಕ್ಷ ರೂಪಾಯಿ ದಾಟುತ್ತೆ. ಅದೇ ಹೊತ್ತಿಗೆ ಊರಲ್ಲಿ ತಂಗಿಯ ಮದುವೆಗೆ ಕೈಸಾಲ ಮಾಡಿದ್ದ.

“ದಿನಾ ಇಪ್ಪತ್ತು ನಿಮಿಷ ಉಳೀತೈತ್ರಿ ಸರ,” ಅಂದ. ನಂಬೋಣ. ವರ್ಷಕ್ಕೆ 210 ದಿನ ಕೆಲಸ ಅಂದರೆ 70 ಗಂಟೆ. ಕಂಪನಿ ತನ್ನ ಗಿರಾಕಿಗೆ ಗಂಟೆಗೆ 600 ಕ್ರೋನ ಹಾಕುತ್ತೆ ಅಂತ ಇಟ್ಟುಕೊಂಡರೆ 42,000 ಕ್ರೋನಿನ ಹೊತ್ತು ಉಳಿಯಿತು. ಬಹಳ ಒಳ್ಳೆಯ ಹತಾರ! ಆದರೆ ಆ 42,000 ಯಾರ ಪುಸ್ತಕದಲ್ಲಿ ಜಮೆಯಾಯಿತು? ಇಪ್ಪತ್ತು ನಿಮಿಷ ಮುಂಚೆ ಮುಗಿಸಿದರೆ ಹುಡುಗನನ್ನು ಮನೆಗೆ ಕಳಿಸುವುದಿಲ್ಲ, ಮುಂದಿನ ಕೋಣೆಗೆ ಕಳಿಸುತ್ತಾರೆ. ಸಂಬಳ ಅಷ್ಟೇ. ಹತಾರದ ಖರ್ಚು ಇವನದು, ಉಳಿದ ಹೊತ್ತು ಅವರದು.

ಟ್ಯಾಕ್ಸಲ್ಲಿ ವಾಪಸ್ ಬರುತ್ತೆ ಅನ್ನುವ ನಂಬಿಕೆಯೂ ಅರ್ಧ ನಿಜ. ಸಂಬಳದವರು ಕೆಲಸಕ್ಕೆ ಬೇಕಾದ ಹತಾರವನ್ನು ವಾರ್ಷಿಕ ಡಿಕ್ಲರೇಷನ್ನಿನಲ್ಲಿ ‘ಇತರ ಖರ್ಚು’ ಅನ್ನುವ ಅಂಕಣದಲ್ಲಿ ತೋರಿಸಬಹುದು ಸರಿ. ಆದರೆ ವರ್ಷದ ಇಂಥ ಖರ್ಚೆಲ್ಲ ಸೇರಿ 5,000 ಕ್ರೋನ ದಾಟಿದರೆ ಮಾತ್ರ, ಅದೂ ದಾಟಿದ ಭಾಗಕ್ಕೆ ಮಾತ್ರ. 14,000ಕ್ಕೆ ಕಡಿತ ಸಿಗುವುದು 9,000ಕ್ಕೆ. ಅದು ಕೈಗೆ ಬರುವ ದುಡ್ಡಲ್ಲ, ತೆರಿಗೆ ಬೀಳುವ ಆದಾಯದಲ್ಲಿ ಇಳಿಯುವ ಮೊತ್ತ. ಉಳಿಯುವುದು ಸುಮಾರು 2,700. ಮಿಕ್ಕ 11,300 ಅವನದೇ. ಕಂಪನಿ ಕೊಡುವ ಹತಾರವನ್ನೇ ಇನ್ನೂ ಚೆಂದದ್ದು ಬೇಕು ಅಂತ ತಾನೂ ಕೊಂಡಿದ್ದರೆ, ಕೆಲಸಕ್ಕೆ ಇದು ಅಗತ್ಯವಿತ್ತೇ ಅಂತ ಸ್ಕಾತೆವೆರ್ಕೆತ್ ಕೇಳಬಹುದು. ಆಗ ಉತ್ತರ ಕಷ್ಟ.

“ನಿಮ್ಮ ಶೆಫ್ ಹತ್ರ ಟೂಲ್ ಲಿಸ್ಟ್ ಕೇಳಿದ್ಯೇನಪ್ಪ?” ಅಂದೆವು. ಕೇಳಿರಲಿಲ್ಲ. ಕೇಳಿದರೆ ಏನು ತಿಳಕೊಳ್ಳುತ್ತಾರೋ ಅನ್ನುವ ಸಂಕೋಚ. ಊರಲ್ಲಿ ಮೇಸ್ತ್ರಿಯ ಹತ್ತಿರ ಹತಾರ ಕೇಳುವವನು ಅಂದರೆ ಕೆಲಸ ಬಾರದವನು, ಸ್ವಂತ ಚೀಲ ಇಲ್ಲದವನು. ಇಲ್ಲಿ ಹಾಗಲ್ಲ. ಯಾವ ಹತಾರ ಕಂಪನಿಯದು, ಯಾವುದು ನಿಮ್ಮದು ಅನ್ನುವುದು ನಿಮ್ಮ ಕರಾರಿನಲ್ಲಿ ಅಥವಾ ಕೊಲೆಕ್ಟಿವ್‌ಅವ್ತಾಲಿನಲ್ಲಿ ಇರುತ್ತೆ. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳುವುದು ಮರ್ಯಾದೆಯ ಕೆಲಸವೇ. ಕೈಗವಸು, ಕಿವಿ ಮುಚ್ಚುವ ಸಾಧನ, ಕನ್ನಡಕ, ಮೊಣಕಾಲಿನ ಪ್ಯಾಡ್ ಥರದ ರಕ್ಷಣೆಯ ಸಾಮಾನಂತೂ ಕೆಲಸ ಕೊಟ್ಟವರೇ ಪುಕ್ಕಟೆ ಕೊಡಬೇಕು, ಅದರಲ್ಲಿ ಚೌಕಾಸಿಯೇ ಇಲ್ಲ. ಹುಡುಗ ಮರುವಾರ ಕೇಳಿದ. ಲಗ್ ಒತ್ತುವ ಇಕ್ಕಳ ಕಂಪನಿಯ ಸ್ಟೋರಿನಲ್ಲೇ ಇತ್ತು. ಇವನು ಡಬ್ಬಿ ತೆರೆಯದ ಎರಡನ್ನು ಅಂಗಡಿಗೆ ಹಿಂದಿರುಗಿಸಿದ, ಮಿಕ್ಕವು ಉಳಿದವು. ಕಂತು ಇನ್ನೂ ನಡೀತಿದೆ.

ಅವನು ಹೇಳಿದ ಇನ್ನೊಂದು ಮಾತನ್ನು ಇಲ್ಲಿ ಬಿಡಬಾರದು. “ಕೈಯಾಗ ಚಲೋ ಹತಾರ ಇದ್ರ ಸೈಟಿನಾಗ ಮರ್ಯಾದಿ ಇರ್ತೈತ್ರಿ. ಭಾಷಾ ಬರಂಗಿಲ್ಲ, ಹತಾರಾನ ಮಾತಾಡ್ತಾವು.” ಇದನ್ನು ನಾವು ನಗೆಯಾಡುವುದಿಲ್ಲ. ಸ್ವೀಡಿಷ್ ತಡವರಿಸುವ ಮನುಷ್ಯನಿಗೆ ಆ ಮರ್ಯಾದೆ ದೊಡ್ಡದು. ಆದರೆ ಅದು ಬಂಡವಾಳವಲ್ಲ, ಖರ್ಚು. ಹಬ್ಬಕ್ಕೆ ಹೊಸ ಬಟ್ಟೆ ತೆಗೆದ ಹಾಗೆ. ಇಷ್ಟು ಅಂತ ಮಿತಿ ಹಾಕಿ ಖುಷಿಯಿಂದ ಮಾಡಿ. ‘ಇದು ತಾನೇ ದುಡಿದು ಕೊಡುತ್ತೆ’ ಅಂತ ಹೆಸರು ಹೇಳಿ ಸಾಲದಲ್ಲಿ ತೆಗೆಯಬೇಡಿ.

ಗಂಟೆ ಸಂಬಳ ಬಿಟ್ಟು ಅಳತೆಗೆ ಸಂಬಳ ಇರುವ ಕಡೆ ಚಿತ್ರವೇ ಬೇರೆ. ಇಲ್ಲಿನ ಕಟ್ಟಡ ಕೆಲಸದಲ್ಲಿ ಅಕೋರ್ಡ್ ಅನ್ನುವ ಹಳೆಯ ಪದ್ಧತಿ ಇದೆ. ಮಾಡಿದ ಕೆಲಸ ಅಳೆದು ಗುಂಪಿಗೆ ದುಡ್ಡು, ಗುಂಪಿನವರು ಹಂಚಿಕೊಳ್ಳುವುದು. ಅಲ್ಲಿ ಉಳಿದ ಹೊತ್ತು ನಿಮ್ಮದೂ ಹೌದು. ಕಬ್ಬಿಣದ ಸರಳು ಕಟ್ಟುವ ಕೆಲಸವನ್ನೇ ನೋಡಿ. ಬೆಂಗಳೂರಿನ ಸೈಟುಗಳಲ್ಲಿ ಬಾರ್ ಬೆಂಡರ್‌ಗಳು ಒಂದು ಸಣ್ಣ ಕೊಕ್ಕೆ ಹಿಡಿದು ಬೈಂಡಿಂಗ್ ವೈರ್ ತಿರುಚುತ್ತಾರೆ. ಆ ಕೊಕ್ಕೆಯನ್ನು ಎಷ್ಟೋ ಜನ ತುಂಡು ಸರಳಿನಲ್ಲಿ ತಾವೇ ಮಾಡಿಕೊಂಡಿರುತ್ತಾರೆ, ಖರ್ಚು ಸೊನ್ನೆ. ಇಲ್ಲಿ ಅದಕ್ಕೆಂದೇ ಇಕ್ಕಳ ಇದೆ, ಬ್ಯಾಟರಿಯ ಕಟ್ಟುಯಂತ್ರ ಇದೆ, ನಿಂತುಕೊಂಡೇ ಕಟ್ಟುವ ಉದ್ದ ಹಿಡಿಯ ಮಾದರಿಯೂ ಇದೆ. ಗುಂಪು ಅಕೋರ್ಡಿನಲ್ಲಿದ್ದರೆ, ನಾಲ್ಕು ಜನ ಸೇರಿ ಒಂದು ಒಳ್ಳೆಯ ಹತಾರದ ಮಾತೆತ್ತುವುದರಲ್ಲಿ ಅರ್ಥವಿದೆ. ಗಂಟೆ ಸಂಬಳದಲ್ಲಿದ್ದರೂ ಮಾತೆತ್ತಿ, ಆದರೆ ಬೆನ್ನಿನ ಹೆಸರಿನಲ್ಲಿ ಎತ್ತಿ, ಕೊಡಿಸುವವರು ಕಂಪನಿಯಾಗಿರಲಿ.

ಈ ಅಳತೆಯ ಸಂಬಳದ ಲೆಕ್ಕ ನಮ್ಮ ಮಲೆನಾಡಿನ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಡಿಕೆ ಸುಗ್ಗಿಯಲ್ಲಿ ರಾತ್ರಿ ಹೊತ್ತು ಚಪ್ಪರದಡಿ ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಸುಲಿಯುತ್ತಿದ್ದವರಿಗೆ ಕೂಲಿ ಡಬ್ಬದ ಲೆಕ್ಕ. ಕತ್ತಿಯ ಬಾಯಿ ಮೊಂಡಾದರೆ ಡಬ್ಬ ಕಮ್ಮಿ, ಡಬ್ಬ ಕಮ್ಮಿಯಾದರೆ ಕೂಲಿ ಕಮ್ಮಿ. ಹಾಗಾಗಿ ಕತ್ತಿ ಮೊಂಡಾಗಲು ಬಿಟ್ಟವರಿಲ್ಲ. ಸುಲಿಯುವ ಯಂತ್ರ ಬಂದ ಮೇಲೆ ಆ ಸಾಲು ತೆಳ್ಳಗಾಯಿತು. ಯಂತ್ರ ತೋಟದವರದು ಅಥವಾ ಬಾಡಿಗೆಯವರದು, ಉಳಿದ ಹೊತ್ತೂ ಅವರದೇ. ಈಗ ಕೊನೆ ತೆಗೆಯುವುದಕ್ಕೆ ಕಾರ್ಬನ್ ಫೈಬರಿನ ದೋಟಿ ಬಂದಿದೆ. ಮರ ಹತ್ತದೆ ನೆಲದಲ್ಲೇ ನಿಂತು ಕೊಯ್ಯಬಹುದು, ಔಷಧಿ ಹೊಡೆಯಬಹುದು. ಬೆಲೆ ಹತ್ತಾರು ಸಾವಿರ ರೂಪಾಯಿ. ದೋಟಿ ತೋಟದ ಯಜಮಾನರದಾದರೆ ಹಿಡಿದವನು ದಿನಗೂಲಿ. ದೋಟಿ ತನ್ನದೇ ಆದರೆ ಅವನು ತೋಟದಿಂದ ತೋಟಕ್ಕೆ ಹೋಗಿ ತಾನೇ ದರ ಹೇಳಬಹುದು. ಹತಾರ ಒಂದೇ, ಕೈ ಒಂದೇ, ಮಾಡುವ ಕೆಲಸವೂ ಒಂದೇ.

ಇನ್ನು ಎಫ್-ಸ್ಕತ್ ತೆಗೆದುಕೊಂಡು ಸ್ವಂತ ಫಿರ್ಮಾ ನಡೆಸುವವರು. ನಿಮ್ಮ ಲೆಕ್ಕ ಹಿಂದಿನ ಹುಡುಗನ ಲೆಕ್ಕಕ್ಕಿಂತ ಬೇರೆ, ಸ್ವಲ್ಪ ಸುಖದ್ದು. ಮೊಮ್ಸ್ ನೋಂದಣಿ ಇರುವ ಎನ್‌ಶಿಲ್ಡ್ ಫಿರ್ಮಾ ಅಂದುಕೊಳ್ಳಿ. ಅಂಗಡಿಯಲ್ಲಿ 2,500 ಕ್ರೋನ ಕೊಟ್ಟ ಇಕ್ಕಳದಲ್ಲಿ 500 ಮೊಮ್ಸ್, ಅದು ನಿಮ್ಮ ಮೊಮ್ಸ್ ಲೆಕ್ಕದಲ್ಲಿ ಕಳೆಯುತ್ತೆ. ಉಳಿದ 2,000 ಲಾಭದಿಂದ ಕಳೆಯುವ ಖರ್ಚು. ಆ 2,000ವನ್ನು ಲಾಭ ಅಂತ ಬಿಟ್ಟಿದ್ದರೆ ಮೊದಲು ಶೇಕಡಾ 28.97ರ ದರದ ಎಗೆನ್‌ಅವ್‌ಗಿಫ್ಟರ್, ಆಮೇಲೆ ಆದಾಯ ತೆರಿಗೆ ಹೋಗಿ ನಿಮ್ಮ ಕೈಯಲ್ಲಿ ಉಳಿಯುತ್ತಿದ್ದದ್ದು 1,100ರ ಆಸುಪಾಸು. ಅಂದರೆ ಆ ಇಕ್ಕಳದ ನಿಜವಾದ ಭಾರ 1,100. ಸಂಬಳದ ಎಲೆಕ್ಟ್ರಿಷಿಯನ್ನಿಗೆ ಅದೇ ಇಕ್ಕಳ ಪೂರಾ 2,500. ಒಂದೇ ಅಂಗಡಿ, ಒಂದೇ ಕೌಂಟರ್, ಎರಡು ಬೆಲೆ. ವರ್ಷದ ವಹಿವಾಟು 120,000 ಕ್ರೋನಿನ ಒಳಗಿದೆ ಅಂತ ಮೊಮ್ಸ್ ನೋಂದಣಿ ಮಾಡಿಸದೆ ಇರುವವರಿಗೆ ಆ 500 ವಾಪಸ್ ಇಲ್ಲ ಅನ್ನುವುದನ್ನೂ ನೆನಪಿಡಿ.

ಕೈಹತಾರವನ್ನು ವರ್ಷವರ್ಷ ಸವಕಳಿ ಹಾಕುತ್ತಾ ಕೂರಬೇಕಾಗಿಲ್ಲ. ಮೊಮ್ಸ್ ಬಿಟ್ಟು ಬೆಲೆ ಅರ್ಧ ಪ್ರಿಸ್‌ಬಾಸ್‌ಬೆಲೋಪ್ಪಿನ ಒಳಗಿದ್ದರೆ, 2025ಕ್ಕೆ ಅದು 29,400 ಕ್ರೋನ, ಕೊಂಡ ವರ್ಷವೇ ಪೂರಾ ಖರ್ಚು ಬರೆಯಬಹುದು. ಒಂದೇ ಸೆಟ್ಟಿನ ಸಾಮಾನನ್ನು ಬಿಡಿಬಿಡಿ ಬಿಲ್ಲು ಮಾಡಿಸಿ ಈ ಮಿತಿಯೊಳಗೆ ತೂರಿಸುವ ಜಾಣತನ ಬೇಡ, ಒಟ್ಟಿಗೆ ಬಳಸುವಂಥದ್ದನ್ನು ಒಟ್ಟಿಗೇ ನೋಡುತ್ತಾರೆ.

ಆದರೆ ಫಿರ್ಮಾ ಇದ್ದ ಮಾತ್ರಕ್ಕೆ ಉಳಿದ ಹೊತ್ತು ನಿಮ್ಮದು ಅಂತ ತಿಳಿಯಬೇಡಿ. ಗಿರಾಕಿಗೆ ಗಂಟೆ ಲೆಕ್ಕದಲ್ಲಿ ಬಿಲ್ಲು ಹಾಕುತ್ತೀರೋ, ಇಡೀ ಕೆಲಸಕ್ಕೆ ಒಂದೇ ದರ ಹೇಳುತ್ತೀರೋ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಗಂಟೆ ಲೆಕ್ಕವಾದರೆ, ಎಂಟು ಗಂಟೆಯ ಕೆಲಸವನ್ನು ಹೊಸ ಹತಾರದಿಂದ ಆರು ಗಂಟೆಗೆ ಮುಗಿಸಿದಾಗ ನಿಮ್ಮ ಬಿಲ್ಲೇ ಎರಡು ಗಂಟೆ ಕಮ್ಮಿ. ಹತಾರಕ್ಕೆ ದುಡ್ಡು ಕೊಟ್ಟು ಸ್ವಂತ ಸಂಬಳ ಕಡಿತ ಮಾಡಿಕೊಂಡ ಹಾಗೆ! ಆ ಎರಡು ಗಂಟೆಗೆ ಬೇರೆ ಗಿರಾಕಿ ಕಾಯುತ್ತಿದ್ದರೆ ಸರಿ, ಇಲ್ಲದಿದ್ದರೆ ನಷ್ಟ. ಗಂಟೆಯ ದರವನ್ನಾದರೂ ಏರಿಸಬೇಕು, ಇಲ್ಲವೇ ಒಂದೇ ದರಕ್ಕೆ ಬರಬೇಕು.

ಕುಂದಾಪುರದ ಕಡೆಯ ಬಡಗಿಯೊಬ್ಬರು ಇದನ್ನು ಚೆನ್ನಾಗಿ ಬಲ್ಲರು. ಅವರದು ಅಡುಗೆಮನೆ ಕೂರಿಸುವ ಕೆಲಸ, ಇಡೀ ಅಡುಗೆಮನೆಗೆ ಒಂದೇ ದರ. ಬಾಗಿಲು, ಡ್ರಾಯರ್ ಸೇರಿ 30 ಹಿಡಿಕೆ ಇರುವ ಅಡುಗೆಮನೆ ಅಂದುಕೊಳ್ಳಿ. ಪ್ರತಿಯೊಂದಕ್ಕೂ ಅಳೆದು, ಗುರುತು ಹಾಕಿ, ಮತ್ತೆ ನೋಡಿ ತೂತು ಹೊಡೆಯಲು 3 ನಿಮಿಷ. ಹಿಡಿಕೆಯ ತೂತಿಗೆಂದೇ ಇರುವ ಜಿಗ್ ಹಿಡಿದರೆ 1 ನಿಮಿಷ. ಒಂದು ಅಡುಗೆಮನೆಗೆ ಒಂದು ಗಂಟೆ ಉಳಿಯಿತು. ಅವರ ಗಂಟೆಗೆ 400 ಕ್ರೋನ ಬೆಲೆ ಕಟ್ಟಿದರೆ, 800 ಕ್ರೋನಿನ ಜಿಗ್ ಎರಡನೇ ಅಡುಗೆಮನೆಗೆ ತನ್ನ ಅಸಲು ತೀರಿಸಿತು. ಮೂರನೆಯದರಿಂದ ಅದು ದುಡಿಯುವ ಹತಾರ. ಅದಕ್ಕಿಂತ ಮುಖ್ಯವಾಗಿ, ತಪ್ಪು ತೂತು ಬಿದ್ದ ಬಾಗಿಲನ್ನು ಕೈಯಿಂದ ದುಡ್ಡು ಹಾಕಿ ಬದಲಿಸಿ ಕೊಡುವುದು ತಪ್ಪುತ್ತೆ. ಹೊತ್ತಿನ ಲೆಕ್ಕದಲ್ಲಿ ಕಾಣದ ದೊಡ್ಡ ಉಳಿತಾಯ ಅದು.

ಅದೇ ಮನುಷ್ಯ ಮೇಲುಹಲಗೆಯ ಮೂಲೆ ಕೂಡಿಸುವ 4,500 ಕ್ರೋನಿನ ಜಿಗ್ಗನ್ನು ಕೊಂಡಿಲ್ಲ. “ವರ್ಷಕ್ಕೆ ಎರಡ್ ಸಲ ಬೇಕಾಪ್ದು, ಬಾಡಿಗಿಗೆ ತಕಂಬುದು,” ಅಂತಾರೆ. ತೆರಿಗೆ ಕಳೆದು ಅದರ ಭಾರ ಅರ್ಧಕ್ಕೆ ಇಳಿಯುತ್ತೆ ನಿಜ. ಆದರೆ ಬೇಡದ ಸಾಮಾನಿಗೆ ಅರ್ಧ ಬೆಲೆ ಕೊಟ್ಟರೂ ಆ ಅರ್ಧ ಹೋದ ಹಾಗೇ. ಡಿಸೆಂಬರ್ ಬಂದಾಗ ‘ಲಾಭ ಜಾಸ್ತಿ ತೋರಿಸ್ತಿದೆ, ಏನಾದ್ರೂ ಟೂಲ್ ತಗೊಂಡ್ಬಿಡೋಣ’ ಅನ್ನುವವರಿಗೆ ನಾವು ಪ್ರತಿ ವರ್ಷ ಹೇಳುವುದು ಇದನ್ನೇ.

ರೊಟ್ ಬಗ್ಗೆ ಒಂದು ಮಾತು. 2025ರಲ್ಲಿ ಮೇ 12ರಿಂದ ಡಿಸೆಂಬರ್ 31ರವರೆಗೆ ಮನೆಯವರಿಗೆ ಕೂಲಿಯ ಶೇಕಡಾ 50ರಷ್ಟು ಕಡಿತ ಸಿಗುತ್ತಿತ್ತು, ಸಾಮಾನ್ಯ ದರ 30. ಈ ಕಡಿತ ಕೂಲಿಗೆ ಮಾತ್ರ. ಸಾಮಾನು, ಓಡಾಟ, ಹತಾರದ ಬಾಡಿಗೆ ಇದರೊಳಗೆ ಬರುವುದಿಲ್ಲ. ಬಾಡಿಗೆ ಜಿಗ್ಗಿನ ದುಡ್ಡನ್ನು ಕೂಲಿಯ ಸಾಲಿಗೆ ಸೇರಿಸಿ ಬಿಲ್ಲು ಮಾಡಬೇಡಿ. ಗಿರಾಕಿಗೆ ಉಪಕಾರ ಮಾಡಲು ಹೋಗಿ ಸ್ಕಾತೆವೆರ್ಕೆತ್ತಿಗೆ ಹಣ ಹಿಂದಿರುಗಿಸುವ ಕಥೆ ಆಗುತ್ತೆ.

ಇಷ್ಟು ಹೊತ್ತು ಲಾಭ-ನಷ್ಟ ಆಯಿತು. ಕೆಲವು ಹತಾರಗಳಿಗೆ ಈ ಲೆಕ್ಕ ಹಾಕುವಂತೆಯೇ ಇಲ್ಲ. ಮೊದಲಿಗೆ ಕೇಳಿದ ಪ್ರಶ್ನೆ, ಕಟಿಂಗ್ ಪ್ಲೇಯರಲ್ಲಿ ಲಗ್ ಒತ್ತಿದರೆ ಆಗಲ್ವಾ ಅನ್ನುವುದು, ಆ ಸಾಲಿಗೆ ಸೇರಿದ್ದು. ಆಗಲ್ಲ. ಲಗ್ಗಿನ ಅಳತೆಗೆ ತಕ್ಕ ಅಚ್ಚಿನಲ್ಲೇ ಒತ್ತಬೇಕು. ಪ್ಲೇಯರಲ್ಲಿ ಒತ್ತಿದ್ದು ಕಣ್ಣಿಗೆ ಗಟ್ಟಿಯಾಗಿ ಕಂಡರೂ ಒಳಗೆ ಸಡಿಲ. ಕರೆಂಟು ಹರಿದಾಗ ಆ ಜಾಗ ಬಿಸಿಯಾಗುತ್ತೆ, ತಿಂಗಳುಗಟ್ಟಲೆ ಬಿಸಿಯಾಗಿ ಒಂದು ದಿನ ಬೆಂಕಿ. ನೀರಿನ ಪೈಪಿನ ಪ್ರೆಸ್ ಜೋಡಣೆಯೂ ಹಾಗೆ, ಆ ಫಿಟ್ಟಿಂಗಿಗೆ ಹೇಳಿದ ದವಡೆಯೇ ಆಗಬೇಕು. ಲಾರಿ ಚಕ್ರದ ನಟ್ಟುಗಳನ್ನು ಬಿಗಿಯುವ ನಮ್ಮ ವರ್ಕ್‌ಶಾಪ್ ಗೆಳೆಯರಿಗೆ ಗೊತ್ತು, 600 ನ್ಯೂಟನ್-ಮೀಟರಿನ ಆಸುಪಾಸಿನ ಬಿಗಿತವನ್ನು ತೋಳಿನ ಅಂದಾಜಿನಲ್ಲಿ ಹೇಳಲಾಗದು, ಅದಕ್ಕೆ ಟಾರ್ಕ್ ರೆಂಚೇ ಬೇಕು. ಕರೆಂಟಿನ ಹತ್ತಿರ ಕೆಲಸ ಮಾಡುವ ಸ್ಕ್ರೂಡ್ರೈವರಿನ ಮೇಲೆ ಜೋಡಿ ತ್ರಿಕೋನ, 1000 ವೋಲ್ಟ್ ಅನ್ನುವ ಗುರುತು ಇರಬೇಕು. ಹಿಡಿಗೆ ಇನ್ಸುಲೇಷನ್ ಟೇಪು ಸುತ್ತಿದರೆ ಅದು ಟೇಪು ಸುತ್ತಿದ ಸ್ಕ್ರೂಡ್ರೈವರು ಅಷ್ಟೇ. ಇಂಥವಕ್ಕೆ ‘ಕೊಳ್ಳಬೇಕೇ’ ಅನ್ನುವ ಪ್ರಶ್ನೆ ಇಲ್ಲ. ‘ಯಾರು ಕೊಳ್ಳಬೇಕು’ ಅನ್ನುವುದೊಂದೇ. ಸಂಬಳಕ್ಕಿದ್ದರೆ ಕಂಪನಿ, ಫಿರ್ಮಾ ನಿಮ್ಮದಾದರೆ ನೀವು. ಸಿಗುವವರೆಗೆ ಆ ಕೆಲಸ ಮುಟ್ಟಬೇಡಿ.

ಇದರ ಜೊತೆಗೇ ಹೇಳಬೇಕಾದದ್ದು: ಹತಾರ ಇದ್ದ ಮಾತ್ರಕ್ಕೆ ಕೆಲಸ ಮಾಡುವ ಹಕ್ಕು ಬರುವುದಿಲ್ಲ. 2017ರ ಜುಲೈ 1ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ವಿದ್ಯುತ್ ಜೋಡಣೆಯ ಕೆಲಸ ಗಿರಾಕಿಗೆ ಮಾಡಿಕೊಡಬೇಕಾದರೆ ಆ ಸಂಸ್ಥೆ ಎಲ್‌ಸೆಕರ್‌ಹೇತ್ಸ್‌ವೆರ್ಕೆತ್ತಿನಲ್ಲಿ ನೋಂದಣಿಯಾಗಿರಬೇಕು. ಶನಿವಾರ ಗೆಳೆಯರ ಮನೆಯಲ್ಲಿ ಹೊಸ ಹತಾರದ ಉದ್ಘಾಟನೆ ಮಾಡುವವರು, ಊಟ ಹಾಕಿಸಿಕೊಂಡು ಮಾಡಿದರೂ ಸರಿ, ಇದನ್ನು ಯೋಚಿಸಬೇಕು. ಏನಾದರೂ ಹೆಚ್ಚುಕಮ್ಮಿಯಾದರೆ ಆ ಮನೆಯ ವಿಮೆಯವರು ಮೊದಲು ಕೇಳುವ ಪ್ರಶ್ನೆ ಯಾರು ಮಾಡಿದ್ದು ಅಂತ.

ವಿಶೇಷ ಹತಾರ ಅಂದರೆ ದುಬಾರಿ ಅಂತಲೂ ಅಲ್ಲ. ಊರಿಂದ ಬಂದವರು ಮೊದಲ ತಿಂಗಳೇ ಬೈಯುವುದು ಇಲ್ಲಿನ ಸ್ಕ್ರೂಗಳನ್ನು: ಬಿಟ್ ಜಾರುತ್ತೆ, ತಲೆ ಸವೆಯುತ್ತೆ. ಸ್ಕ್ರೂ ಕೆಟ್ಟದ್ದಲ್ಲ. ನಾವು ‘ಸ್ಟಾರ್’ ಅಂತ ಕರೆಯುವ ಫಿಲಿಪ್ಸ್ ಬಿಟ್ಟನ್ನು ಪೊಜಿಡ್ರಿವ್ ತಲೆಗೆ ಹಾಕಿದರೆ ಜಾರದೆ ಏನು ಮಾಡುತ್ತೆ? ಪ್ಲಸ್ ಗುರುತಿನ ನಡುನಡುವೆ ನಾಲ್ಕು ಸಣ್ಣ ಗೆರೆ ಇದ್ದರೆ ಅದು ಪೊಜಿಡ್ರಿವ್, ಅದಕ್ಕೆ ಪಿ.ಜಡ್. ಅಂತ ಬರೆದ ಬಿಟ್ ಬೇಕು. ಚಹಾ ಕುಡಿಯುವಷ್ಟು ದುಡ್ಡಿನ ಸಾಮಾನು. ಸ್ಕ್ರೂ ಸ್ಪ್ಯಾನರಿಗೂ ಒಂದು ಕ್ರಮ ಇದೆ, ಎಳೆಯುವಾಗ ಬಲ ಅಲುಗಾಡದ ದವಡೆಯ ಮೇಲೆ ಬೀಳಬೇಕು. ಉಲ್ಟಾ ಹಿಡಿದು ನಟ್ಟಿನ ಮೂಲೆ ಸವೆಸಿ, ಆಮೇಲೆ ಯೊಹಾನ್ಸನ್ನರನ್ನು ಬೈದರೆ ಹೇಗೆ?

ಬೆನ್ನು, ಮಣಿಕಟ್ಟು, ಮಂಡಿ, ಇವು ಬ್ಯಾಲೆನ್ಸ್ ಶೀಟಿನಲ್ಲಿ ಬರದ ಆಸ್ತಿ. ನಲವತ್ತು ದಾಟಿದ ಮೇಲೆ ಎಲ್ಲರಿಗೂ ಗೊತ್ತಾಗುತ್ತೆ, ನಮಗೂ ಕುರ್ಚಿಯಲ್ಲೇ ಕೂತು ಗೊತ್ತಾಗಿದೆ. 1980ರ ದಶಕದಿಂದ ಇಲ್ಲಿನ ಹತಾರ ಕಂಪನಿಗಳು ಹಿಡಿಯ ದಪ್ಪ, ಬಾಗು, ಕೈಯ ಅಳತೆ ಇದನ್ನೆಲ್ಲ ನೋಡಿ ಹತಾರ ಮಾಡತೊಡಗಿದ್ದು ಶೋಕಿಗಲ್ಲ. ದಿನಕ್ಕೆ ನೂರಾರು ಸಲ ಅದುಮುವ ಇಕ್ಕಳಕ್ಕೆ ನಿಮ್ಮ ಅಂಗೈಗೆ ಸರಿಯಾದ ಅಳತೆ ಸಿಗುವುದಾದರೆ, ಕಂಪನಿ ಕೊಡದೆ ಹೋದರೂ, ಗಂಟೆ ಸಂಬಳದವರಾದರೂ, ಅದೊಂದನ್ನು ಸ್ವಂತ ದುಡ್ಡಿನಲ್ಲಿ ಕೊಳ್ಳಿ ಅಂತ ನಾವೇ ಹೇಳುತ್ತೇವೆ. ಅಲ್ಲಿ ಉಳಿಯುವುದು ಕಂಪನಿಯ ಹೊತ್ತಲ್ಲ, ನಿಮ್ಮ ಮಣಿಕಟ್ಟು.

ಯಾವುದು ಬೇಕು, ಯಾವುದು ಬೇಡ ಅಂತ ಕಂಡುಹಿಡಿಯಲು ಆಯುಧಪೂಜೆಗಿಂತ ಒಳ್ಳೆಯ ದಿನವಿಲ್ಲ. ಪೆಟ್ಟಿಗೆ ಪೂರಾ ಹೊರಗೆ ಹಾಕಿ. ಹೋದ ವರ್ಷ ಹಚ್ಚಿದ ಕುಂಕುಮ ಇನ್ನೂ ಹಾಗೇ ಇರುವ ಹತಾರ ಯಾವುದು ನೋಡಿ. ವರ್ಷದಲ್ಲಿ ಒಮ್ಮೆಯೂ ಕೈ ತಾಗಿಲ್ಲ ಅಂತ ಅರ್ಥ. ಈ ಸಲ ಪೂಜೆ ಮಾಡಿ, ಮರುದಿನ ಬ್ಲಾಕೆಟ್ಟಿನಲ್ಲಿ ಮಾರಾಟಕ್ಕೆ ಹಾಕಿ. ಫಿರ್ಮಾದ ಹೆಸರಲ್ಲಿ ಕೊಂಡದ್ದಾದರೆ ಮಾರಿದ ದುಡ್ಡು ಆದಾಯಕ್ಕೆ ಬರೆಯಬೇಕು, ಮೊಮ್ಸ್ ಸಹಿತ.

ಕೊಳ್ಳುವವರಿಗೂ ಹಳೆಯದರಲ್ಲಿ ಲಾಭವಿದೆ. ಇಲ್ಲಿನ ಲೊಪ್ಪಿಸ್ ಸಂತೆಗಳಲ್ಲಿ ಎಸ್ಕಿಲ್ಸ್‌ಟೂನಾದ ಹಳೆಯ ಉಳಿಗಳು ಸಿಗುತ್ತವೆ. ಇ.ಎ. ಬೇರ್ಗ್ ಅನ್ನುವ ಹೆಸರು, ಶಾರ್ಕ್ ಮೀನಿನ ಮುದ್ರೆ ಇದ್ದರೆ ಬಿಡಬೇಡಿ ಅಂತ ನಮ್ಮ ಕುಂದಾಪುರದವರ ಮಾತು. ಊರಿಗೆ ಹೋಗುವಾಗ ಬಡಗಿ ಅಣ್ಣತಮ್ಮಂದಿರಿಗೆ ಚಾಕೊಲೇಟಿಗಿಂತ ಇಂಥ ಒಂದು ಉಳಿ ಹೆಚ್ಚು ಖುಷಿ ಕೊಡುತ್ತೆ. ಚೆಕ್-ಇನ್ ಪೆಟ್ಟಿಗೆಯಲ್ಲೇ ಇಡಿ. ಹಾಗೇ ಊರಲ್ಲಿರುವ ಬಡಗಿ, ಕಮ್ಮಾರ, ಗಾರೆ ಕೆಲಸದವರಿಗೆ 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಹತಾರಕ್ಕೆಂದು 15,000 ರೂಪಾಯಿವರೆಗೆ ಸಿಗುತ್ತೆ, 18 ಕಸುಬಿನವರಿಗೆ ಇದೆ. ಮನೆಯವರು ಅರ್ಜಿ ಹಾಕಿದ್ದಾರಾ ಅಂತ ಮುಂದಿನ ಭಾನುವಾರದ ಫೋನಿನಲ್ಲಿ ಕೇಳಿ. ನೀವು ಇಲ್ಲಿಂದ ಕಳಿಸುವ ದುಡ್ಡು ಬೇರೆ ಖರ್ಚಿಗೆ ಆದೀತು.

ಕೊನೆಗೆ ಕಾಗದದ ವಿಷಯ. ವ್ಯಾನಿನಲ್ಲಿ ರಾತ್ರಿ ಬಿಟ್ಟ ಹತಾರ ಕದ್ದುಹೋಗುವುದು ಇಲ್ಲಿ ಹೊಸದೇನಲ್ಲ. ಪ್ರತಿ ಹತಾರದ ಫೋಟೋ, ನಂಬರಿದ್ದರೆ ನಂಬರು, ರಸೀದಿ, ಮೂರೂ ಒಂದೇ ಕಡೆ ಇರಲಿ. ವಿಮೆಯವರಿಗೆ ಬಾಯಿ ಮಾತು ಸಾಲದು. ನಿಮ್ಮ ಪಾಲಿಸಿ ಕೆಲಸದ ಹತಾರಕ್ಕೆ ಎಷ್ಟು ಕೊಡುತ್ತೆ, ವ್ಯಾನಿನಲ್ಲಿದ್ದಾಗ ಕೊಡುತ್ತೋ ಇಲ್ಲವೋ ಅನ್ನುವುದನ್ನು ಕಳ್ಳತನವಾಗುವ ಮುಂಚೆ ಓದಿ. ಫಿರ್ಮಾದವರು ಲೆಕ್ಕದ ಕಾಗದವನ್ನು 7 ವರ್ಷ ಇಡಬೇಕು. ಅಂಗಡಿಯ ರಸೀದಿಯ ಅಕ್ಷರ 7 ತಿಂಗಳಿಗೇ ಮಾಸುತ್ತೆ, ಆದ್ದರಿಂದ ಕೊಂಡ ದಿನವೇ ಫೋಟೋ ತೆಗೆದು ಲೆಕ್ಕಕ್ಕೆ ಸೇರಿಸಿ. 2024ರ ಜುಲೈ 1ರಿಂದ, ಸರಿಯಾಗಿ ಡಿಜಿಟಲ್ ಮಾಡಿಟ್ಟರೆ ಮೂಲ ಕಾಗದ ಇಡಲೇಬೇಕೆಂದಿಲ್ಲ. ಈ ವರ್ಷದ ಖರ್ಚಿಗೆ ಸೇರಬೇಕಾದ ರಸೀದಿಗಳನ್ನು ಡಿಸೆಂಬರ್ ಕೊನೆಯ ವಾರದವರೆಗೆ ಕಾಯಿಸದೆ ಈಗಿನಿಂದಲೇ ಕಳಿಸುತ್ತಾ ಬನ್ನಿ.